ಜುಂಜಪ್ಪನ ಕಾಲಿನ ಬರೆಗಳು

ಬಾಗೂರಿನ ಆಚೆಗಿನ ಗೊಲ್ಲರಹಟ್ಟಿಯಲ್ಲಿ ಕುರಿ ಕುಂಟಿದರೂ ಮನುಷ್ಯ ಕುಂಟಿದರೂ ಹೋಗುವುದು ಒಂದೇ ಬಾಗಿಲಿಗೆ, ಕೆಂಚಕ್ಕನ ಬಾಗಿಲಿಗೆ. ಅವಳ ಹತ್ತಿರ ಮದ್ದಿಲ್ಲ, ಮಂತ್ರವಿಲ್ಲ. ಇರುವುದು ಒಂದು ಹಳೇ ಕುಡುಗೋಲು. ಅದರ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ನೋವಿದ್ದ ಕಡೆ ಚುರ್ ಎನ್ನುವಂತೆ ಎಳೆದರೆ ಮುಗಿಯಿತು. ಅತ್ತೆ ಕಲಿಸಿಕೊಟ್ಟ ವಿದ್ಯೆ. ಅತ್ತೆ ಬಾಯಿಗೆ ಬಂದಂತೆ ಬೈಯುವ ಹೆಂಗಸಾಗಿದ್ದರೂ ಸೊಸೆಯ ಕೈಯನ್ನು ಮಾತ್ರ ಹೊಗಳುತ್ತಿದ್ದಳು. ಕೆಂಚಕ್ಕನ ಕೈ ನಡುಗುವುದಿಲ್ಲ, ಗೆರೆ ಸೊಟ್ಟಗಾಗುವುದಿಲ್ಲ. ಹೊಳಲ್ಕೆರೆ ಕಡೆಯಿಂದಲೂ ಬೈಕಿನಲ್ಲಿ ಜನ ಬರುತ್ತಿದ್ದರು. ಅವಳು ಯಾರಿಂದಲೂ ಒಂದು ಕಾಸೂ ಮುಟ್ಟಿದವಳಲ್ಲ. ಆದರೆ ಹೊಗಳಿಕೆ ಬೇಡ ಅಂದವಳೂ ಅಲ್ಲ, ಅದನ್ನು ಮುಚ್ಚಿಡುವುದೇಕೆ.

ಅವಳ ಕೈಯ ಬರೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತವನು ಅವಳ ಗಂಡ ಜುಂಜಪ್ಪ. ನಲವತ್ತು ವರ್ಷ ಕುರಿಗಳ ಹಿಂದೆ ನಡೆದ ಮನುಷ್ಯ. ನಡೆಯದಿದ್ದಾಗ ಕೋಲಿಗೆ ಗದ್ದ ಊರಿ ನಿಂತೇ ಇರುತ್ತಿದ್ದ. ಕುಳಿತ ಕುರುಬರನ್ನೂ ಗೊಲ್ಲರನ್ನೂ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ನಿಂತೂ ನಿಂತೂ ಎಡಗಾಲಿನ ನರಗಳು ಉಬ್ಬಿ ಗಂಟುಗಂಟಾದವು. ಬಲಗಾಲು ಉಬ್ಬಲಿಲ್ಲ, ಆದರೆ ಸಂಜೆಯಾದರೆ ಸೆಳೆತ. ಅದಕ್ಕೆ ಕೆಂಚಕ್ಕ ಹಿಮ್ಮಡಿಯ ಒಳಮಗ್ಗುಲಿನಿಂದ ಮಂಡಿಯವರೆಗೆ ಒಂದರ ಮೇಲೊಂದು ಬರೆ ಎಳೆಯುತ್ತಾ ಬಂದಳು. ಅವನು ಪ್ರತಿ ಸಲವೂ ಅವಳ ತೊಡೆಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕಾಯುತ್ತಿದ್ದ. ಮಾರನೇ ದಿನ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ವಾಸಿಯಾಯಿತು ಅನ್ನುವುದಕ್ಕೆ ಅವಳಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ಈ ಸಲ ನೋವು ಬಂದದ್ದು ಎದೆಗೆ. ಎದೆಗೆ ಬರೆ ಎಳೆಯಲು ಅವಳಿಗೂ ಧೈರ್ಯ ಬರಲಿಲ್ಲ. ಹಿರಿಯೂರಿಗೆ ಕೊಟ್ಟಿದ್ದ ಮಗಳು ದೀಪಾ ಓಡಿ ಬಂದು, ಅಪ್ಪನನ್ನು ಹೈವೇ ಪಕ್ಕದ ಹೃದಯದ ಆಸ್ಪತ್ರೆಗೆ ಸೇರಿಸಿದಳು. ಮೂರು ಕಡೆ ರಕ್ತದ ದಾರಿ ಕಟ್ಟಿದೆ, ಎದೆ ತೆರೆದು ಬೈಪಾಸ್ ಮಾಡಬೇಕು ಅಂದರು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಡಾಕ್ಟರ್ ನಾಗಶ್ರೀ ಬಂದರು. ಕಾಲಿನಿಂದ ನರ ಬಿಡಿಸಿ ತೆಗೆಯುವುದು ಅವರ ಕೆಲಸ. ವಯಸ್ಸು ದೀಪಾಳಿಗಿಂತ ನಾಲ್ಕೈದು ಹೆಚ್ಚಿರಬಹುದು.

“ನಿಮ್ಮ ಕಾಲಿನ ಒಂದು ನರಾನ ತೆಗೆದು ಹೃದಯಕ್ಕೆ ಹೊಲಿತೀವಿ ಅಪ್ಪಾಜಿ. ಕಟ್ಟಿರೋ ಜಾಗ ದಾಟಿ ರಕ್ತ ಹೋಗೋಕೆ ಬೇರೆ ದಾರಿ ಆಗುತ್ತೆ. ಒಂದು ದಾರಿಗೆ ಎದೆಯೊಳಗೇ ನಾಳ ಇದೆ. ಇನ್ನೆರಡಕ್ಕೆ ಕಾಲೇ ಗತಿ.”

“ಕಾಲ್ ನರ ಹೋದ್ರೆ ಕುರಿ ಹಿಂದೆ ನಡಿಯಾದು ಹೆಂಗ್ರಿ?” ಅಂದ ಜುಂಜಪ್ಪ.

“ಒಳಗೆ ಬೇರೆ ನರಗಳು ಇರ್ತವೆ, ನಡೀಬೋದು” ಅಂದರು. ಮಂಡಿಯ ಹತ್ತಿರ ಸಣ್ಣ ತೂತು ಮಾಡಿ, ಕ್ಯಾಮೆರಾ ಇರುವ ಕೊಳವೆ ತೂರಿಸಿ, ಕವಲುಗಳನ್ನು ಒಂದೊಂದೇ ಕತ್ತರಿಸಿ ನರವನ್ನು ಇಡಿಯಾಗಿ ಎಳೆದುಕೊಳ್ಳುವ ಬಗೆಯನ್ನೂ ತಾಳ್ಮೆಯಿಂದ ಹೇಳಿದರು. ಎಳೆಯುವಾಗ ಜಗ್ಗಬಾರದು, ಹಿಚುಕಬಾರದು. ಒಂದಿಷ್ಟು ಗಾಯವಾದರೂ ಮುಂದೆ ಅದೇ ಕಟ್ಟಿಕೊಳ್ಳುತ್ತದಂತೆ. ಕೆಂಚಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳು ಕಾದ ಕಬ್ಬಿಣ ಎಳೆದ ಜಾಗವನ್ನು ಈ ಹುಡುಗಿ ಹಿಚುಕಲೂ ಹೆದರುತ್ತಿದ್ದಳು.

ನಾಗಶ್ರೀ ತಣ್ಣನೆಯ ಜೆಲ್ ಸವರಿ ಕಾಲಿನ ಮೇಲೆ ಸ್ಕ್ಯಾನಿನ ಉಪಕರಣ ಆಡಿಸಿದರು. ಎಡಗಾಲಿನದು ಬೇಗ ಮುಗಿಯಿತು. ಉಬ್ಬಿ ಸುರುಳಿಯಾದ ನರ ಹೃದಯಕ್ಕೆ ಬರುವುದಿಲ್ಲ. ಬಲಗಾಲಿಗೆ ಬಂದಾಗ ಕೈ ನಿಂತಿತು. ಹಿಮ್ಮಡಿಯಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಮತ್ತೆ ಮತ್ತೆ.

“ಮಂಡಿಯಿಂದ ಕೆಳಗೆ ನರ ಸುಟ್ಟು ಗಟ್ಟಿಯಾಗಿದೆ. ಈ ಬರೆ ಹಾಕಿದ್ದು ಯಾರು?”

ಕೆಂಚಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಹೇಳಬೇಕು ಅಂತ ಬಾಯಿ ತೆರೆದಳು ಕೂಡ.

“ನಾನೇ ಹಾಕ್ಕಂಡಿದ್ದು ಡಾಕ್ಟ್ರಮ್ಮ” ಅಂದ ಜುಂಜಪ್ಪ. “ಕುರಿ ಕಾಯೋರು ನಾವು, ಅಡವಿಯಾಗೆ ಯಾರಿರ್ತಾರೆ.”

ನಾಗಶ್ರೀ ಮೀನಖಂಡದ ಹಿಂಬದಿಗೆ, ಒಬ್ಬರೇ ನೆಟ್ಟಗೆ ಎಳೆದುಕೊಳ್ಳಲಾಗದ ಕಡೆಗೆ, ತಿರುಗಿದ್ದ ಗೆರೆಗಳನ್ನು ನೋಡಿದರು, ಆಮೇಲೆ ಕೆಂಚಕ್ಕನ ಕೈಯನ್ನು ನೋಡಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಜುಂಜಪ್ಪನ ಕೈಯೊಳಗಿನ ನಾಳವನ್ನು ತೆಗೆಯಬಹುದೇ ಅಂತ ಅವನ ಮಣಿಕಟ್ಟು ಒತ್ತಿ ಹಿಡಿದು ಪರೀಕ್ಷೆ ಮಾಡಿದರು. ತೆಗೆದರೆ ಬೆರಳುಗಳಿಗೆ ರಕ್ತ ಸಾಲದು. ಬಲತೊಡೆಯಲ್ಲಿ ಒಂದು ಗೇಣಿನಷ್ಟು ನರ ಚೆನ್ನಾಗಿದೆ, ಅದು ಒಂದೇ ದಾರಿಗೆ ಸಾಕು ಅಂದರು. ಇನ್ನೊಂದನ್ನು ಹಾಗೇ ಬಿಡಬೇಕು. ಮಾತ್ರೆಯಲ್ಲಿ ನೋಡಿಕೊಳ್ಳಬೇಕು.

ಕೆಂಚಕ್ಕ ಕಾರಿಡಾರಿನಲ್ಲಿ ಅವರ ಹಿಂದೆಯೇ ಓಡಿದಳು. ಸೀರೆಯನ್ನು ಮಂಡಿವರೆಗೆ ಎತ್ತಿ ತನ್ನ ಕಾಲು ತೋರಿಸಿದಳು. ಒಂದೂ ಗೆರೆಯಿಲ್ಲದ ಕಾಲು. ಅವಳು ನಂಬಿ ಬರೆ ಹಾಕಿಸಿಕೊಳ್ಳುವಂಥ ಕೈ ಹಟ್ಟಿಯಲ್ಲಿ ಬೇರೆ ಇರಲಿಲ್ಲವಲ್ಲ.

“ನಂದು ತಗಳ್ರಿ. ಎಷ್ಟು ಬೇಕೋ ಅಷ್ಟೂ ತಗಳ್ರಿ.”

“ಬೇರೆಯವರದು ಅವರ ಮೈ ಒಪ್ಪಲ್ಲ ಅಮ್ಮ.”

“ಒಪ್ಪಂಗೆ ಮಾಡಬೋದು ಡಾಕ್ಟ್ರಮ್ಮ. ಮರಿ ಸತ್ತ ಕುರಿಗೆ ನಾವು ತಬ್ಬಲಿ ಮರಿ ಕೂಡಿಸ್ತೀವಿ. ಸತ್ತ ಮರಿ ಚರ್ಮನ ಇದಕ್ಕೆ ಹೊದಿಸಿ ಬಿಟ್ರೆ ತಾಯಿ ಮೂಸಿ ನೋಡಿ ಹಾಲು ಬಿಡ್ತೈತೆ. ಹಂಗೇನಾರ ಮಾಡಕ್ಕಾಗಲ್ವ?”

ನಾಗಶ್ರೀ ಅವಳ ಹೆಗಲ ಮೇಲೆ ಕೈಯಿಟ್ಟರು. “ಆಗಲ್ಲಮ್ಮ. ಮೈಗೆ ಮೋಸ ಮಾಡೋಕೆ ಆಗಲ್ಲ.” ಸೀರೆಯ ನೆರಿಗೆಯನ್ನು ತಾವೇ ಕೆಳಗೆ ಬಿಟ್ಟು ಹೊರಟುಹೋದರು. ಕೆಂಚಕ್ಕ ಅಲ್ಲೇ ಗೋಡೆಗೆ ಒರಗಿ ಕುಸಿದು ಅತ್ತಳು. ದೀಪಾ ಬಂದು ಎಬ್ಬಿಸುವವರೆಗೂ ಅತ್ತಳು.

ಆಪರೇಷನ್ ಆಯಿತು. ಎರಡು ದಾರಿ ಕೂಡಿಸಿದರು, ಮೂರನೆಯದು ಕಟ್ಟಿಕೊಂಡೇ ಉಳಿಯಿತು. ಎಷ್ಟು ದಿನ ತಡೆದೀತು ಅಂದರೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಭಾರ ಎತ್ತಬಾರದು, ದಿಣ್ಣೆ ಹತ್ತಬಾರದು ಅಂದರು. ದಿಣ್ಣೆ ಹತ್ತದೆ ಕುರಿ ಕಾಯುವುದು ಹೇಗೆ ಅಂತ ಅವರನ್ನು ಕೇಳಿ ಏನು ಪ್ರಯೋಜನ. ಕುರಿಗಳನ್ನು ಪಕ್ಕದ ಮನೆಯ ಪಾಲಣ್ಣನ ಹಿಂಡಿಗೆ ಸೇರಿಸಿದ್ದಾಯಿತು.

ಹಟ್ಟಿಗೆ ಬಂದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಜುಂಜಪ್ಪ ಒಲೆಯ ಮುಂದೆ ಬಂದು ಕುಳಿತ. ತೊಡೆಯ ಹೊಲಿಗೆ ಮಾದಿತ್ತು, ಕಾಲು ಮಾತ್ರ ಊದಿತ್ತು.

“ಕೆಂಚಿ, ಕಾಲು ಸೆಳೀತೈತೆ. ಗುಳಿಗೆಗೆ ಬಗ್ಗಲಿಲ್ಲ ಇದು. ಒಂದು ಬರೆ ಎಳಿಯೇ.”

ಕೆಂಚಕ್ಕನ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. ಎರಡು ತಿಂಗಳಿಂದ ನುಂಗಿಕೊಂಡಿದ್ದು ಹೊರಗೆ ಬಂತು. “ನಿನ್ ನರ ಸುಟ್ಟಿದ್ದು ನಾನು. ನನ್ ಬರೆಯಿಂದ್ಲೇ ಒಂದು ದಾರಿ ಹಂಗೇ ಉಳೀತು. ಇದು ನಿಂಗೆ ಗೊತ್ತಾಗಲಿಲ್ವ?”

“ಓದಿದೋರು ಹಂಗೇ ಅಂತಾರೆ ಬಿಡು. ನಿನ್ ಬರೆ ಬಿದ್ದ ಕಾಲಾಗೆ ನಾನು ಇಪ್ಪತ್ತೊರ್ಸ ನಡದಿಲ್ವ?”

“ಮತ್ಯಾಕೆ ಅವತ್ತು ಸುಳ್ಳು ಹೇಳ್ದೆ?”

“ನಿನ್ ಕೈ ಮ್ಯಾಲೆ ಮಾತು ಬಂದ್ರೆ ನಾಳೆ ನಮ್ಮ ಬಾಗ್ಲಿಗೆ ಯಾರು ಬರ್ತಾರೆ” ಅಂದ.

ಅವಳು ತಪ್ಪೊಪ್ಪಿಕೊಂಡಿದ್ದಳು. ಕ್ಷಮಿಸಬೇಕಾದವನಿಗೆ ಅಲ್ಲಿ ತಪ್ಪೇ ಕಾಣಲಿಲ್ಲ. ಆಗಲ್ಲ, ನಾನು ಹಾಕಲ್ಲ ಅಂದಳು. ಹಾಗಾದರೆ ನಾಳೆ ಪಾಲಣ್ಣನ ಕೈಲಿ ಹಾಕಿಸಿಕೊಳ್ಳುತ್ತೇನೆ, ಅವನ ಕೈ ನಿನ್ನಷ್ಟು ನೆಟ್ಟಗಿಲ್ಲ, ಆದರೆ ಏನು ಮಾಡುವುದು ಅಂದ. ಕೋಪದಿಂದಲ್ಲ, ಮಾಮೂಲಿನಂತೆ ಅಂದ.

ಆಮೇಲೆ ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಅವಳ ತೊಡೆಯ ಮೇಲೆ ಇಟ್ಟು, ಕಣ್ಣು ಮುಚ್ಚಿ ಕಾದ.