ಮುನ್ನೂರ ಹನ್ನೆರಡು ಹುಟ್ಟುಹಬ್ಬಗಳು

ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವಳ ನಿಜವಾದ ಹೆಸರು ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಮಷಿನ್ ಅಕ್ಕ ಎಂದರೆ ಸಾಕಿತ್ತು. ಅವಳಿಗಿಂತ ಮೂರು ವರ್ಷ ದೊಡ್ಡವನಾದ ಎಣ್ಣೆಡಬ್ಬಿಯೂ ಅಕ್ಕ ಎಂದೇ ಕರೆಯುತ್ತಿದ್ದ. ಎಣ್ಣೆಡಬ್ಬಿ ಅವಳ ಹಾಗೆಯೇ ಮಷಿನ್ ರಿಪೇರಿಯವನು. ಎಂಥ ಕಾಯಿಲೆಯ ಮಷಿನ್ ಎದುರಿಗೆ ಬಂದರೂ ಮೊದಲು ನಾಲ್ಕು ಹನಿ ಎಣ್ಣೆ ಬಿಟ್ಟು, ಆಮೇಲೆ ಏನಾಗಿದೆ ಎಂದು ಕೇಳುವುದು ಅವನ ಅಭ್ಯಾಸ. ಆ ಹೆಸರು ಇಟ್ಟವಳು ಅಕ್ಕನೇ, ಅದೂ ಅವನ ಮುಖದ ಮುಂದೆಯೇ.

ಅವಳ ಬಗ್ಗೆ ಒಳ್ಳೆಯ ಮಾತು ಬೇಕಾದಷ್ಟು ಹೇಳಬಹುದು. ಆದರೆ ಅವಳ ಕೊನೆಯ ದಿನಗಳು ಕಳೆದದ್ದು ಕಂಪ್ಯೂಟರಿನ ಮುಂದೆ, ಸಿಟ್ಟಿನಲ್ಲಿ. ಅದನ್ನು ಬಿಟ್ಟು ಬರೆದರೆ ಅದು ಬೇರೆ ಯಾರ ಬಗ್ಗೆಯೋ ಬರೆದ ಹಾಗಾಗುತ್ತದೆ.

ಮನೆಯ ಮುಂದಿನ ಕೋಣೆಯೇ ಅವಳ ವರ್ಕ್‌ಶಾಪು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಮೇಲಾಗಿ ಮಲಗಿದ ಎರಡೋ ಮೂರೋ ಮಷಿನ್. ಬಿಸ್ಕತ್ತಿನ ಡಬ್ಬಿಗಳ ತುಂಬ ಸ್ಕ್ರೂ, ಸ್ಪ್ರಿಂಗು, ಬಾಬಿನ್ ಕೇಸು. ಕಂಪ್ಯೂಟರ್ ಇದ್ದದ್ದು ಕಾಲಿನಲ್ಲಿ ತುಳಿಯುವ ಹಳೆಯ ಮಷಿನ್ನಿನ ಸ್ಟ್ಯಾಂಡಿನ ಮೇಲೆ. ಮೇಲ್ ಓದುವಾಗ ಅವಳ ಕಾಲು ತಾನಾಗಿಯೇ ಪೆಡಲ್ ತುಳಿಯುತ್ತಿತ್ತು. ಸಿಟ್ಟು ಬಂದರೆ ವೇಗ ಏರುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ತಮ್ಮ ಸದ್ದು ಕೇಳಿಯೇ, "ಯಾರ ಮೈಗೆ ಹೊಲೀತಾ ಇದ್ದೀಯ ಅಕ್ಕ ಇಷ್ಟು ಜೋರಾಗಿ?" ಎನ್ನುತ್ತಿದ್ದ.

ಅವಳ ಗಿರಾಕಿಗಳು ನಲವತ್ತಾರು ಕಡೆ, ಒಟ್ಟು ಮುನ್ನೂರ ಹನ್ನೆರಡು ಮಷಿನ್. ಶಾಲೆಯ ಸಮವಸ್ತ್ರ ಹೊಲಿಯುವ ದೊಡ್ಡ ಶೆಡ್ಡು, ಕಿಟಕಿ ಪರದೆಯ ಅಂಗಡಿಗಳು, ಒಂದು ಹೊಲಿಗೆ ತರಬೇತಿ ಶಾಲೆ, ಇವೆಲ್ಲದರ ಜೊತೆಗೆ ಮನೆಯ ಮೂಲೆಯಲ್ಲಿ ಒಂದೇ ಒಂದು ಮಷಿನ್ ಇಟ್ಟುಕೊಂಡು ಬದುಕುವ ಹತ್ತೊಂಬತ್ತು ದರ್ಜಿಗಳು. ಪ್ರತಿ ಮಷಿನ್ನನ್ನೂ ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ಒಳಗೆ ಕೂತ ಬಟ್ಟೆಯ ಧೂಳು ತೆಗೆದು, ಸವೆದದ್ದು ಬದಲಿಸಿ ಜೋಡಿಸಬೇಕು. ಯಾವುದರ ಸರದಿ ಯಾವಾಗ ಎಂದು ನೆನಪಿಡಲು ಅಕ್ಕ ಒಂದು ಉಪಾಯ ಮಾಡಿದ್ದಳು. ಅವಳ ಮೇಲ್ ಪ್ರೋಗ್ರಾಮಿನಲ್ಲಿ ವಿಳಾಸದ ಪುಸ್ತಕವೊಂದಿತ್ತು. ಅದರಲ್ಲಿ ಯಾರ ಹುಟ್ಟುಹಬ್ಬ ಬರೆದರೂ ವರ್ಷ ವರ್ಷವೂ ತಪ್ಪದೆ ಅದು ನೆನಪಿಸುತ್ತಿತ್ತು. ಅಕ್ಕ ಪ್ರತಿ ಮಷಿನ್ನನ್ನೂ ಒಬ್ಬ ಮನುಷ್ಯನ ಹಾಗೆ ಅದರೊಳಗೆ ಸೇರಿಸಿದಳು. ಹೆಸರಿನ ಜಾಗದಲ್ಲಿ, ಆ ಅಂಗಡಿಯಲ್ಲಿ ಅದು ಎಷ್ಟನೆಯದೋ ಅಷ್ಟು: "ಮೂರನೇ ಮಷಿನ್". ವಿಳಾಸದ ಜಾಗದಲ್ಲಿ ಅಂಗಡಿ. ಹುಟ್ಟಿದ ದಿನ ಎಂದರೆ ಕೊನೆಯ ಸಲ ಬಿಚ್ಚಿದ ದಿನ. ಟಿಪ್ಪಣಿಯಲ್ಲಿ ಅದರ ಗುಣ: "ದಪ್ಪ ಬಟ್ಟೆ ಕೊಟ್ಟರೆ ಮುನಿಸು", "ಹೆಂಡತಿ ಕೂತರೆ ಸರಿ, ಗಂಡ ಕೂತರೆ ದಾರ ಹರಿಯುತ್ತದೆ".

ಹೀಗಾಗಿ ದಿನ ಬೆಳಗಾದರೆ ಪರದೆಯ ಮೇಲೆ, "ಇಂದು ಏಳನೇ ಮಷಿನ್ ಅವರ ಹುಟ್ಟುಹಬ್ಬ, ಶುಭ ಕೋರಿ" ಎಂದು ಬರುತ್ತಿತ್ತು. ಅಕ್ಕ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಶುಭ ಕೋರಲು ಹೊರಡುತ್ತಿದ್ದಳು. ಹನ್ನೊಂದು ವರ್ಷ ಒಂದೂ ತಪ್ಪಿರಲಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ತಿಂಗಳ ಮೂರನೇ ತಾರೀಕು ಎರಡು ಸುದ್ದಿ ಒಟ್ಟಿಗೆ ಬಂದವು. ಹೊಟ್ಟೆಯಲ್ಲಿರುವ ಗಡ್ಡೆ ತೆಗೆಯಲೇಬೇಕು, ಇಪ್ಪತ್ತನಾಲ್ಕಕ್ಕೆ ಆಪರೇಷನ್, ಆಮೇಲೆ ಎರಡು ತಿಂಗಳು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ಕಂಪ್ಯೂಟರ್ ಹಚ್ಚಿದರೆ, ಈ ತಿಂಗಳ ಕೊನೆಗೆ ನಮ್ಮ ಮೇಲ್ ಪ್ರೋಗ್ರಾಮ್ ನಿಲ್ಲುತ್ತದೆ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ ಎಂದು ಅದರ ಕಂಪನಿಯವರ ಪತ್ರ.

ಗಡ್ಡೆಯ ಬಗ್ಗೆ ಅವಳು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಅವಳ ಚಿಂತೆಯೆಲ್ಲ ಆ ಎರಡು ತಿಂಗಳ ಮೇಲೆ. ಹೊಸ ಮಷಿನ್ ಮಾರುವ ಕಂಪನಿಯ ಮನುಷ್ಯನೊಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿ ಅಂಗಡಿ ತಿರುಗುತ್ತಿದ್ದ. ಹಳೆಯ ಮಷಿನ್ ಒಂದು ಕೈಕೊಟ್ಟರೆ ಸಾಕು, ಅದನ್ನು ಎತ್ತಿಸಿ ತನ್ನದನ್ನು ಕೂರಿಸುತ್ತಿದ್ದ. ಅವನ ಮಷಿನ್ನಿನ ಹೊಟ್ಟೆಗೆ ಸೀಲು. ಕಂಪನಿಯವರ ಹೊರತು ಯಾರೂ ಬಿಚ್ಚುವಂತಿಲ್ಲ. ಎರಡು ತಿಂಗಳು ತನ್ನ ಗಿರಾಕಿಗಳನ್ನು ನೋಡಿಕೊಳ್ಳಲು ಎಣ್ಣೆಡಬ್ಬಿ ಒಪ್ಪಿದ್ದ. ಅವನಿಗೆ ಬೇಕಾಗಿದ್ದದ್ದು ತಾರೀಕುಗಳ ಪಟ್ಟಿ ಮಾತ್ರ. ಆ ಪಟ್ಟಿ ಮುಳುಗುವ ಹಡಗಿನಲ್ಲಿತ್ತು.

"ಇನ್ನೊಂದು ದೊಡ್ಡ ಕಂಪನೀದು ತಗೋ ಅಕ್ಕ. ಪುಕ್ಕಟೆ ಕೊಡ್ತಾರೆ, ಎಲ್ಲಾ ಅವರೇ ನೋಡ್ಕೋತಾರೆ," ಎಂದ ತಮ್ಮ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಕಂಪನಿ ಎಂದರೆ ಅವನಿಗೆ ಒಂದು ತೂಕ ಹೆಚ್ಚು.

"ಇದೂ ದೊಡ್ಡ ಕಂಪನೀದೇ. ನೋಡ್ಕೊಂಡಿದ್ದು ಸಾಕು."

"ಮತ್ತೆ ಏನು ಬೇಕು ನಿನಗೆ?"

"ಬಿಚ್ಚೋಕೆ ಬರೋದು."

"ಪ್ರೋಗ್ರಾಮು ಬಿಚ್ತೀಯಾ? ಯಾವ ಸ್ಪ್ಯಾನರಲ್ಲಿ?"

"ನಾನಲ್ಲ ಕಣೋ. ಬಿಚ್ಚೋಕೆ ಗೊತ್ತಿರೋನು ಎಲ್ಲೋ ಒಬ್ಬ ಇರ್ತಾನಲ್ಲ, ಅವನ ಕೈಗೆ ಬೀಗ ಹಾಕಿರಬಾರದು. ಅಂಥದ್ದು ಇದೆಯಂತೆ. ಒಳಗಿರೋದನ್ನೆಲ್ಲ ಎಲ್ಲರಿಗೂ ಕಾಣೋ ಹಾಗೆ ತೆರೆದಿಟ್ಟಿರ್ತಾರಂತೆ. ಓಪನ್ ಸೋರ್ಸು ಅಂತಾರೆ."

"ಎಲ್ಲರಿಗೂ ಸೇರಿದ್ದು ಅಂದ್ರೆ ಯಾರಿಗೂ ಸೇರಿದ್ದಲ್ಲ. ಕೆಟ್ಟು ಕೂತರೆ ಯಾರ ಕಾಲರ್ ಹಿಡೀತೀಯ?"

"ಈಗ ಕೆಟ್ಟು ಕೂತಿದೆಯಲ್ಲ, ಹೋಗಿ ಹಿಡ್ಕೊಂಡು ಬಾ ನೋಡೋಣ," ಎಂದಳು ಅಕ್ಕ.

ಅಂಥ ಮುಕ್ತ ಪ್ರೋಗ್ರಾಮುಗಳಲ್ಲಿ ಮೊದಲನೆಯದನ್ನು ಹಾಕಿಕೊಳ್ಳಲು ಎರಡು ದಿನ ಹಿಡಿಯಿತು. ಮೇಲ್‌ಗಳೆಲ್ಲ ಚೆನ್ನಾಗಿ ಬಂದವು, ಆದರೆ ಕ್ಯಾಲೆಂಡರಿಗೆ ಹುಟ್ಟುಹಬ್ಬಗಳ ಪರಿಚಯವೇ ಇರಲಿಲ್ಲ. ಅದಕ್ಕೆ ಬೇರೆ ತುಣುಕೊಂದನ್ನು ಜೋಡಿಸಬೇಕಿತ್ತು. ಆ ತುಣುಕು ಬರೆದವನು ಮೂರು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ, ಹೊಸ ಆವೃತ್ತಿಗೆ ಅದು ಕೂರಲಿಲ್ಲ. ಎರಡನೆಯದು ಇನ್ನೂ ಘಾಟಿ. ಕನ್ನಡ ಅಕ್ಷರ ಇದ್ದಲ್ಲೆಲ್ಲ ಖಾಲಿ ಚೌಕಗಳನ್ನು ತೋರಿಸಿತು. ಅದು ಸಾಲದೆಂಬಂತೆ ಪ್ರತಿ ಮಷಿನ್ನನ್ನೂ ಎರಡೆರಡು ಸಲ ತಂದು ಕೂರಿಸಿತು. ಯಾವುದು ಮೂಲ, ಯಾವುದು ನಕಲು ಎಂದು ಒಂದೊಂದಾಗಿ ನೋಡಿ ಅಳಿಸುತ್ತ ಅಕ್ಕ ಒಂದು ಇಡೀ ದಿನ ಕೂತಳು. ಮುನ್ನೂರ ಹನ್ನೆರಡು ನಕಲು. ಸಂಜೆಯ ಹೊತ್ತಿಗೆ ಬೆನ್ನು ನೆಟ್ಟಗಾಗಲಿಲ್ಲ. ಮೇಜಿನ ಮೇಲೆ ಪರದೆ ಅಂಗಡಿಯವರ ಮಷಿನ್ ಅರ್ಧ ಬಿಚ್ಚಿದ್ದು ಹಾಗೆಯೇ ಬಿದ್ದಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಂಗಡಿಯವರು ಫೋನ್ ಮಾಡಿ, ಯಾವಾಗ ಆಗುತ್ತದೆ ಎಂದು ಕೇಳುವಂತಾಯಿತು.

ಹದಿನೈದಕ್ಕೆ ಮೂರನೆಯದನ್ನು ಹಾಕಿದಳು. ನಿಧಾನ, ಆದರೆ ಮೇಲ್, ವಿಳಾಸ, ಕ್ಯಾಲೆಂಡರ್ ಎಲ್ಲ ಒಂದೇ ಕಡೆ. ಅಕ್ಷರ ಚೊಕ್ಕ. ಹುಟ್ಟುಹಬ್ಬಗಳು ತಾವಾಗಿಯೇ ಕ್ಯಾಲೆಂಡರಿನಲ್ಲಿ ಕೂತವು. ಅಕ್ಕನಿಗೆ ಎಷ್ಟು ಸಮಾಧಾನವಾಯಿತೆಂದರೆ ಅದೇ ಮಧ್ಯಾಹ್ನ ಮೊದಲಿನ ಎರಡನ್ನೂ ಅಳಿಸಿ, ಹಳೆಯ ಕಂಪನಿಯ ಖಾತೆಯನ್ನೂ ಮುಚ್ಚಿಸಿಬಿಟ್ಟಳು. ಹೊರಗೆ ಹಾಕುವ ಮೊದಲೇ ಎದ್ದು ಬಂದೆ ಎನ್ನುವುದು ಅವಳ ಹಟ.

ಮರುದಿನ ಊಟವಾದ ಮೇಲೆ ಹೊಸ ಪ್ರೋಗ್ರಾಮು ವಿನಯದಿಂದ ಕೇಳಿತು: "ಒಂದೇ ಹೆಸರಿನ ಇನ್ನೂರ ಎಪ್ಪತ್ತನಾಲ್ಕು ಹೆಚ್ಚುವರಿ ನಮೂದುಗಳಿವೆ. ಒಂದುಗೂಡಿಸಲೇ?"

ಹೋದ ವಾರದ ಬೆನ್ನುನೋವು ಇನ್ನೂ ಹೋಗಿರಲಿಲ್ಲ. ಮತ್ತೆ ಅದೇ ನಕಲುಗಳ ಕಾಟ ಅಂದುಕೊಂಡಳು, ಈ ಸಲ ಅದೇ ತಾನಾಗಿ ಗುಡಿಸುತ್ತೇನೆ ಅನ್ನುತ್ತಿದೆಯಲ್ಲ, ಪುಣ್ಯ. ಹೌದು ಎಂದು ಒತ್ತಿದಳು. ಕೆಲಸ ಮುಗಿಸಿ ಅದು, ಒಂದು ಪ್ರತಿ ತೆಗೆದಿಡಲೇ ಎಂದಿತು. ಜಾಗ್ರತೆಯವಳು, ಪೆನ್‌ಡ್ರೈವ್ ಚುಚ್ಚಿ ಅದರಲ್ಲಿದ್ದ ಹಳೆಯ ಪ್ರತಿಯನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಇಟ್ಟಳು.

ಹದಿನೇಳರ ಬೆಳಿಗ್ಗೆ ಎಣ್ಣೆಡಬ್ಬಿ ಪಟ್ಟಿ ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಬಂದ.

"ಅಕ್ಕ, ಈ ಮೂರನೇ ಮಷಿನ್ ಎಲ್ಲಿದು?"

"ಯಾವ ಮೂರನೇದು? ಅಂಗಡಿ ಹೆಸರು ನೋಡು."

"ಇರೋದೇ ಒಂದು ಮೂರನೇದು. ಇದಕ್ಕೆ ಇಪ್ಪತ್ತೈದು ವಿಳಾಸ ಇದೆ. ವಾರಕ್ಕೊಂದು ಮನೆ ಬದಲಾಯಿಸುತ್ತಾ?"

ಪೆಡಲಿನ ಸದ್ದು ನಿಂತಿತು. ಅಕ್ಕ ಅವನನ್ನು ಸರಿಸಿ ಪರದೆಯ ಮುಂದೆ ಬಗ್ಗಿದಳು. ಮುನ್ನೂರ ಹನ್ನೆರಡು ಮಷಿನ್ ಮೂವತ್ತೆಂಟಾಗಿದ್ದವು. ದೊಡ್ಡ ಶೆಡ್ಡಿನಲ್ಲಿದ್ದದ್ದು ಮೂವತ್ತೆಂಟು ಮಷಿನ್. ಊರಿನ ಮೂರನೇ ಮಷಿನ್‌ಗಳೆಲ್ಲ ಸೇರಿ ಒಂದೇ ಮೂರನೇ ಮಷಿನ್ ಆಗಿತ್ತು. ಒಂದನೇ ಮಷಿನ್‌ಗೆ ನಲವತ್ತಾರು ವಿಳಾಸ. ಟಿಪ್ಪಣಿಗಳೆಲ್ಲ ಒಂದರ ಮೇಲೊಂದು ಬಿದ್ದು ರಾಶಿಯಾಗಿದ್ದವು. ಹುಟ್ಟುಹಬ್ಬ ಮಾತ್ರ ಒಬ್ಬರಿಗೆ ಒಂದೇ ತಾನೆ? ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಪ್ರೋಗ್ರಾಮು ಎಸೆದಿತ್ತು.

"ನೀನೇ ಹೌದು ಅಂದ್ಯಾ?" ಎಂದು ಕೇಳಿದ ತಮ್ಮ, ಬಾಗಿಲಲ್ಲಿ ನಿಂತು.

"ಹೌದು ಅಂದೆ. ನನ್ನ ನಾಲಿಗೆ ಸೇದುಹೋಗ."

"ನಾನು ಬಡ್ಕೊಂಡೆ..."

"ಇನ್ನೊಂದು ಮಾತಾಡಿದ್ರೆ ಈ ಶಟಲ್ಲು ನಿನ್ನ ತಲೆ ಮೇಲೆ ಇರುತ್ತೆ ನೋಡು."

ಅಂದೇ ಅವಳು ಪ್ರೋಗ್ರಾಮು ಬರೆದವರಿಗೆ ಒಂದು ಪತ್ರ ಕಳಿಸಿದಳು. ಅದರಲ್ಲಿ ವಂದನೆಗಳು ಎಂಬ ಪದ ಇರಲಿಲ್ಲ. ಎರಡು ದಿನಕ್ಕೆ ಉತ್ತರ ಬಂತು, ಎಲ್ಲಿಯವನೋ ಒಬ್ಬನದು. ಹೋದ ತಾರೀಕುಗಳನ್ನು ಮರಳಿ ತರಲು ದಾರಿಯಿಲ್ಲ, ಕ್ಷಮಿಸಿ ಎಂದಿದ್ದ. ಜೊತೆಗೆ ಕೇಳಿದ್ದ, ಯಂತ್ರಗಳನ್ನು ಮನುಷ್ಯರ ಪಟ್ಟಿಗೆ ಏಕೆ ಸೇರಿಸಿದಿರಿ? ಅಕ್ಕ ಬರೆದಳು: "ನಿಮ್ಮಲ್ಲಿ ಯಂತ್ರಗಳಿಗೆ ಜಾಗವೇ ಇರಲಿಲ್ಲ. ವಿಳಾಸ ಬೇರೆ ಇದ್ದರೆ ಆಳು ಬೇರೆ ಎಂದು ಗೊತ್ತಾಗಬೇಡವೇ? ನಿಮ್ಮ ಬೀದಿಯಲ್ಲಿ ಒಂದೇ ಹೆಸರಿನವರು ಇಬ್ಬರು ಇಲ್ಲವೇ?" ಅವನು ಅದಕ್ಕೂ ಉತ್ತರಿಸಿದ. ನೀವು ಹೇಳುವುದು ಸರಿ, ಮುಂದಿನ ಆವೃತ್ತಿಯಲ್ಲಿ ವಿಳಾಸವನ್ನೂ ನೋಡುವಂತೆ ಮಾಡುತ್ತೇನೆ ಎಂದ.

"ಮುಂದಿನ ಆವೃತ್ತಿಯಂತೆ! ಇಪ್ಪತ್ತನಾಲ್ಕಕ್ಕೆ ನನ್ನ ಹೊಟ್ಟೆ ಕುಯ್ತಾರೆ," ಎಂದು ಅಕ್ಕ ಪರದೆಗೇ ಹೇಳಿದಳು.

ಇಷ್ಟಾದ ಮೇಲೂ ಅದೇ ಪ್ರೋಗ್ರಾಮನ್ನು ಏಕೆ ಇಟ್ಟುಕೊಂಡಳೆಂಬುದು ತಮ್ಮನಿಗೆ ಅರ್ಥವಾಗಲೇ ಇಲ್ಲ. ಹಳೆಯ ಕಂಪನಿಗೆ ಹನ್ನೊಂದು ವರ್ಷದಲ್ಲಿ ಎಷ್ಟು ಪತ್ರ ಬರೆದರೂ ನಿಮ್ಮ ಪತ್ರ ತಲುಪಿದೆ ಎಂಬುದರ ಹೊರತು ಬೇರೆ ಅಕ್ಷರ ಬಂದಿರಲಿಲ್ಲ. "ಇವನು ಬೈಸ್ಕೊಳ್ಳೋಕಾದ್ರೂ ಸಿಕ್ತಾನೆ," ಎಂದಳು.

ಉಳಿದ ದಿನಗಳಲ್ಲಿ ಅವಳೂ ಎಣ್ಣೆಡಬ್ಬಿಯೂ ಸೇರಿ ತಾರೀಕುಗಳನ್ನು ಹುಡುಕಿದರು. ದೊಡ್ಡ ಅಂಗಡಿಗಳಿಗೆ ಕೆಲಸ ಮುಗಿದ ದಿನವೇ ಅಕ್ಕ ಮೇಲ್ ಕಳಿಸುತ್ತಿದ್ದಳು. ಹಳೆಯ ಮೇಲ್‌ಗಳನ್ನು ಜಾಲಾಡಿದ್ದಕ್ಕೆ ಇನ್ನೂರ ಅರವತ್ತೆಂಟು ಸಿಕ್ಕವು. ಫೋನ್ ಮಾಡಿ, ತಲೆ ಕೆರೆದುಕೊಂಡು, ಮತ್ತೆ ಮೂವತ್ತಮೂರು. ಉಳಿದದ್ದು ಹನ್ನೊಂದು. ಹನ್ನೊಂದೂ ಒಂಟಿ ಮಷಿನ್ನಿನ ದರ್ಜಿಗಳದ್ದು, ಮೇಲ್ ಗೀಲ್ ಇಲ್ಲದವರು. ಕೇಳಿದರೆ ಎಲ್ಲರದೂ ಒಂದೇ ಮಾತು: "ನಮಗೇನು ಗೊತ್ತಕ್ಕ? ನೀವೇ ಬರ್ತಿದ್ರಲ್ಲ."

"ದೊಡ್ಡವರದು ನಿಂತ್ರೆ ಪಕ್ಕದ ಮಷಿನ್ ಮೇಲೆ ಕೂತ್ಕೋತಾರೆ. ಇವರು ಎಲ್ಲಿ ಕೂತ್ಕೋಬೇಕು?" ಇದೊಂದನ್ನೇ ಅಕ್ಕ ಹತ್ತು ಸಲ ಹೇಳಿದಳು.

"ಹನ್ನೊಂದನ್ನೂ ಈಗಲೇ ಬಿಚ್ಚಿ ಹಾಕ್ತೀನಿ ಬಿಡು," ಎಂದ ಎಣ್ಣೆಡಬ್ಬಿ.

"ಬೇಡ. ಮುದಿ ಮಷಿನ್‌ಗಳು, ಸ್ಕ್ರೂ ಸವೆದಿದೆ. ಸುಮ್ಮಸುಮ್ಮನೆ ಬಿಚ್ಚಿದ್ರೆ ಮತ್ತೆ ಕಚ್ಚಲ್ಲ."

ಆಸ್ಪತ್ರೆಗೆ ಸೇರಿದ ದಿನ, ಮಂಚದ ಮೇಲೆ ಕೂತು ಅವಳು ಎಣ್ಣೆಡಬ್ಬಿಗೆ, ಮಷಿನ್ ಬಿಚ್ಚಿ ಎಷ್ಟು ಕಾಲವಾಯಿತೆಂದು ತಿಳಿಯುವ ಪಾಠ ಹೇಳಿದಳು. ಸೂಜಿಯ ಅಡಿಯ ಹಲ್ಲಿನ ತಟ್ಟೆ ತೆಗೆದು ಕೆಳಗಿನ ಧೂಳು ನೋಡು. ಊದಿದರೆ ಹಾರುವ ಹಾಗಿದ್ದರೆ ಐದು ತಿಂಗಳೊಳಗೆ. ಬೆರಳಿಗೆ ಅಂಟಿದರೆ ಏಳೆಂಟು. ಹತ್ತಿಯ ಹಾಳೆಯ ಹಾಗೆ ಒತ್ತಿ ಕೂತು ಬಿಲ್ಲೆಯಾಗಿ ಎದ್ದು ಬಂದರೆ ವರ್ಷ ತುಂಬಿತು, ಬಿಚ್ಚು. ಅವನು ಬರೆದುಕೊಂಡ. "ಎಣ್ಣೆ ಬಿಟ್ಟು ಆಮೇಲೆ ಧೂಳು ನೋಡಬೇಡ ಮಹಾರಾಯ, ಎಲ್ಲಾ ಒಂದೇ ಥರ ಕಾಣುತ್ತೆ," ಎಂದಳು. ಅವನು ಅದನ್ನೂ ಬರೆದುಕೊಂಡ. ನಾಳೆ ನಾಡಿದ್ದು ತಾನೇ ಎದ್ದು ಬಂದು ನೋಡುತ್ತೇನೆ ಎನ್ನುವಂತೆ ಸಿಡುಕುತ್ತಲೇ ಇದ್ದಳು. ಆಪರೇಷನ್ನಾದ ಆರನೆಯ ದಿನ ಜ್ವರ ಬಂತು, ಒಂಬತ್ತನೆಯ ದಿನ ಹೋದಳು.

ದೊಡ್ಡ ಅಂಗಡಿಗಳೆಲ್ಲ ಎಣ್ಣೆಡಬ್ಬಿಯ ಹತ್ತಿರ ಉಳಿದವು. ತಾರೀಕು ಸಿಕ್ಕಿದ್ದವುಗಳಲ್ಲಿ ಒಂದು ಮಷಿನ್ನೂ ಕೈಕೊಡಲಿಲ್ಲ. ತಾರೀಕು ಸಿಗದ ಹನ್ನೊಂದರಲ್ಲಿ ಮೂರು ಅವನು ತಲುಪುವ ಮೊದಲೇ ಕೆಟ್ಟು ನಿಂತಿದ್ದವು. ಎರಡು ಕಡೆ ಸೀಲು ಹಾಕಿದ ಹೊಸ ಮಷಿನ್ ಬಂದು ಕೂತಿದೆ. ಮೂರನೆಯವಳು ದರ್ಜಿ ಕೆಲಸವನ್ನೇ ಬಿಟ್ಟಳು.

ಹೋದ ವಾರ ಅವನು ಕೊನೆಯದಕ್ಕೆ ಹೋಗಿದ್ದ. ಓಣಿಯ ತುದಿಯಲ್ಲಿ ರವಿಕೆ ಹೊಲಿಯುವ ಹೆಂಗಸಿನ ಮನೆ. ತಟ್ಟೆ ತೆಗೆದು ಧೂಳು ನೋಡಿದ. ಊದಿದ. ಒಂದಿಷ್ಟು ಹಾರಿತು, ಒಂದಿಷ್ಟು ಕೂತೇ ಇತ್ತು. ಬೆರಳಿಟ್ಟು ನೋಡಿದ, ಅಂಟಿದ ಹಾಗೂ ಇತ್ತು, ಅಂಟದ ಹಾಗೂ ಇತ್ತು. ನೋಟ್‌ಬುಕ್ ತೆಗೆದು ಓದಿದ. ಮತ್ತೆ ಊದಿದ.

"ಏನಂತೆ?" ಎಂದಳು ಹೆಂಗಸು. "ಅಕ್ಕ ಬರೀ ಒಂದು ಸಲ ಇಣುಕಿ ಹೇಳ್ತಿದ್ರು."

"ಇನ್ನೂ ಕಾಲ ಇದೆ ಅನ್ಸುತ್ತೆ," ಎಂದ ಅವನು, ಎಣ್ಣೆಯ ಡಬ್ಬಿಯ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು.

ಎಣ್ಣೆಡಬ್ಬಿ ಮನೆಗೆ ಬಂದು, ಅಕ್ಕ ಅವನ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದ ಆ ಪ್ರೋಗ್ರಾಮನ್ನು ತೆರೆದು, ಆ ಮಷಿನ್ನಿನ ಹುಟ್ಟಿದ ದಿನದ ಜಾಗದಲ್ಲಿ ಅಂದಾಜಿನ ಒಂದು ತಾರೀಕು ಹಾಕಿ, ಮುಂದೆ ಪ್ರಶ್ನೆಯ ಗುರುತು ಇಟ್ಟ. ತಾರೀಕಿನ ಜಾಗದಲ್ಲಿ ಪ್ರಶ್ನೆಯ ಗುರುತು ನಡೆಯುವುದಿಲ್ಲ ಎಂದಿತು ಪ್ರೋಗ್ರಾಮು. ಅಳಿಸಿ ಮತ್ತೆ ಇಟ್ಟ. ಮತ್ತೆ ಅದೇ ಮಾತು. ಬರೆದವನಿಗೆ ಒಂದು ಪತ್ರ ಹಾಕೋಣವೆಂದು ಕೂತವನಿಗೆ, ಅಕ್ಕನ ಹಾಗೆ ಬೈಯಲು ಪದಗಳು ಸಿಗಲಿಲ್ಲ. ಪ್ರಶ್ನೆಯ ಗುರುತು ತೆಗೆದುಹಾಕಿ, ಖಾತ್ರಿ ಇರುವವನ ಹಾಗೆ ತಾರೀಕನ್ನು ಹಾಗೆಯೇ ಉಳಿಸಿ ಎದ್ದ.