ಕಾರಿನ ಮೂತಿಗೆ ಕಟ್ಟಿದ ಮಾಲೆ

ಮೊದಲು ಹೀಗೆ ಬರೆದಿದ್ದೆ: ಉದ್ಯಾವರದಲ್ಲಿ ಹೆದ್ದಾರಿ ದಾಟುತ್ತಿದ್ದ ಹೆಂಗಸಿಗೆ ನನ್ನ ಕಾರು ಹೊಡೆದಾಗ ಒಂದು ಬೀಪ್ ಕೂಡ ಬರಲಿಲ್ಲ. ಆಮೇಲೆ ಆ ವಾಕ್ಯವನ್ನು ಹೊಡೆದುಹಾಕಿದೆ. ಪೊಲೀಸರಿಗೆ ಹೇಳುವಾಗ ಬೀಪ್ ಬಂದಿತ್ತು, ತಡವಾಗಿ. ಆಫೀಸಿನಲ್ಲಿ ಹೇಳುವಾಗ ಮೂರು ಸಲ ಬಂದಿತ್ತು. ಹೆಂಡತಿಗೆ ಹೇಳುವಾಗ ಬರಲೇ ಇಲ್ಲ, ಯಾಕೆಂದರೆ ಅವಳು ಕಟ್ಟಿದ ಹೂವು ಅಡ್ಡ ಇತ್ತು.

ಈ ಕೊನೆಯದು ಮನೆಯಲ್ಲಿ ಉಳಿದುಕೊಂಡಿತು.

ಕಳೆದ ವರ್ಷದ ಆಯುಧಪೂಜೆಗೆ ಅವಳು ಕಾರಿನ ಮೂತಿಗೆ ಗೊಂಡೆ ಹೂವಿನ ದಪ್ಪ ಮಾಲೆ ಕಟ್ಟಿದ್ದಳು. ಅದರ ಮೇಲೆ ನಮ್ಮ ಅಂಗಳದ್ದೇ ಮಲ್ಲಿಗೆ. ಕಂಪೆನಿಯ ಲಾಂಛನಕ್ಕೆ ಗಂಧ, ಕುಂಕುಮ. ಎದುರಿನ ಗಾಡಿಯ ದೂರ ಅಳೆದು, ತೀರ ಹತ್ತಿರವಾದರೆ ಬೀಪ್ ಮಾಡಿಸಿ ಬ್ರೇಕ್ ಹಾಕಿಸುವ ರಾಡಾರು ಆ ಲಾಂಛನದ ಹಿಂದೆಯೇ ಇರುವುದು. ಸ್ಟಾರ್ಟ್ ಮಾಡಿದ ಕೂಡಲೇ, ಅದು ಕೆಲಸ ಮಾಡುತ್ತಿಲ್ಲ ಎನ್ನುವ ಒಂದು ಸಣ್ಣ ಹಳದಿ ದೀಪ ಹೊತ್ತಿಕೊಂಡಿತು. ಮಾಲೆ ತಾನಾಗಿ ಒಣಗುವವರೆಗೆ ತೆಗೆಯುವ ಕ್ರಮ ನಮ್ಮಲ್ಲಿ ಇಲ್ಲ. ತೆಗೆಯಲಿಲ್ಲ. ಕಾಪುವಿನಿಂದ ಮಣಿಪಾಲಕ್ಕೆ ನಾಲ್ಕು ದಿನ ಹಾಗೆಯೇ ಹೋಗಿಬಂದೆ. ಐದನೆಯ ಬೆಳಿಗ್ಗೆ, ಉದ್ಯಾವರದ ಡಿವೈಡರಿನ ತೆರಪಿನಲ್ಲಿ ಆ ಹೆಂಗಸು ದಾಟುತ್ತಿದ್ದಳು.

ಅವಳು ಬಾಗಲಕೋಟೆ ಕಡೆಯವಳು, ಕಟ್ಟಡದ ಕೆಲಸಕ್ಕೆ ಗಾರೆ ಹೊರುತ್ತಿದ್ದವಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಎದ್ದು ನಿಂತಳು, ಕೋಲು ಹಿಡಿದು. ಇನ್ನು ಹೊರೆ ಹೊರುವ ಮಾತಿಲ್ಲ ಎಂದರು ಡಾಕ್ಟರು. ಅಲೆವೂರಿನಲ್ಲಿ ಸಾಲಾಗಿರುವ ಬಾಡಿಗೆ ಕೋಣೆಗಳಲ್ಲಿ ಒಂದು ಅವರದ್ದು. ನಾನೂ ಹೆಂಡತಿಯೂ ಹಣ್ಣು ಹಿಡಿದುಕೊಂಡು ಹೋದೆವು. ಅವಳ ಗಂಡ ಹಣ್ಣಿನ ಚೀಲ ತೆಗೆದುಕೊಂಡು ಹೊರಗೇ ನಿಂತ. ಅವಳು ಮಾತ್ರ ನನ್ನ ಮುಖ ನೋಡಿ, ಸಿಟ್ಟೇನೂ ಇಲ್ಲದೆ, ದಾರಿ ಕೇಳುವವರ ಹಾಗೆ ಕೇಳಿದಳು:

“ಸಾಹೇಬ್ರ, ನಾ ನಿಮಗ ಕಾಣಲಿಲ್ಲೇನ್ರಿ?”

“ಕಾಣಲಿಲ್ಲ,” ಎಂದೆ.

ಹೆಂಡತಿ ಪಕ್ಕದಲ್ಲೇ ಇದ್ದಳು. ವಾಪಸು ಬರುವಾಗ ಕಾರಿನಲ್ಲಿ ಅವಳು, ಹೂವಿನಿಂದಲೇ ಅಲ್ವಾ, ಎಂದು ಕೇಳಿದಳು. ನಾನು ಹೌದು ಎಂದೆನೋ, ಸುಮ್ಮನಿದ್ದೆನೋ. ಎರಡೂ ಒಂದೇ ಕೆಲಸ ಮಾಡುತ್ತಿದ್ದವು.

ಮಾರನೆಯ ದಿನದಿಂದ ಅವಳು ಹೂವು ಕಟ್ಟಲಿಲ್ಲ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರು ನೆನೆಸಿ, ಜಗಲಿಯಲ್ಲಿ ಕೂತು ಕಟ್ಟುವುದು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಕೈಗೆ ಬಂದ ಕೆಲಸ. ಕೇಳಿದರೆ ಬೆರಳು ನೋಯುತ್ತದೆ ಎನ್ನುತ್ತಿದ್ದಳು. ಮೊಗ್ಗುಗಳು ಗಿಡದಲ್ಲೇ ಅರಳಿ ಅಲ್ಲೇ ಕಂದಿದವು. ಕಾರ್ಕಳದ ತವರಿಗೆ ಹೋಗುವುದಾದರೆ ಬಸ್ಸು. ನನ್ನ ಪಕ್ಕದಲ್ಲಿ ಆಮೇಲೆ ಕೂತದ್ದೇ ಇಲ್ಲ.

ಈ ವರ್ಷ ನವರಾತ್ರಿಗೆ ಮುಂಚೆ ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಅದೇ ಕಾರಿನ ಹೊಸ ಮಾದರಿ ಶೋರೂಮಿನ ಗಾಜಿನ ಆಚೆ ನಿಂತಿತ್ತು. ಹೊರಗಿನಿಂದ ಹೆಚ್ಚೇನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಾಯುವವರಿಗೆ ಏನಾದರೂ ತೋರಿಸಬೇಕಲ್ಲ, ಅಲ್ಲಿನ ಇಂಜಿನಿಯರ್ ತೋರಿಸಿದ. ಮುಂದೆ ಏನಾದರೂ ಅಡ್ಡ ಬಂದು ರಾಡಾರು ಮುಚ್ಚಿದರೆ ಇದು ಬಾಯಿಬಿಟ್ಟು ಹೇಳುತ್ತದಂತೆ, ದೀಪ ಹಚ್ಚಿ ಸುಮ್ಮನೆ ಕೂರುವುದಿಲ್ಲವಂತೆ. ನಾನು ಹೂವಿನ ವಿಷಯ ಕೇಳಿದೆ. ನನ್ನ ಹಳೆಯದರಲ್ಲಿ ಮಾಲೆ ಇಲ್ಲದಿದ್ದರೆ ನಡೆಯುವವರನ್ನು ಕಂಡು ನಿಲ್ಲುತ್ತಿತ್ತಲ್ಲ, ಎಂದೆ.

“ಇಲ್ಲ ಸರ್. ನಿಮ್ಮದಕ್ಕೆ ಜನ ಕಾಣುವುದೇ ಇಲ್ಲ, ಗಾಡಿ ಮಾತ್ರ. ಹೊಸದರಲ್ಲಿ ಜನವೂ ಉಂಟು, ಬೈಕೂ ಉಂಟು.”

ಅಪ್‌ಡೇಟ್ ಮಾಡಿದರೆ ಬರುವುದಿಲ್ಲವೇ ಎಂದು ಕೇಳಿದೆ. ಅವನು ನಕ್ಕ. “ಕಣ್ಣೇ ಇಲ್ಲದವರಿಗೆ ಕನ್ನಡಕ ಇಟ್ಟು ಎಂತ ಮಾಡುದು ಸರ್?”

ಕಾರಿನ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕವರು ಹರಿಯದೆ ಹಾಗೆಯೇ ಇತ್ತು. ಹರಿದು ನೋಡಿದೆ, ಅದರಲ್ಲೂ ಇದೇ ಬರೆದಿತ್ತು.

ಈಗ ಬದಲಾಗದ ಒಂದನ್ನು ಬರೆಯಬೇಕು. ಬೀಪ್ ಬಂದ ಹಾಗೂ ನೆನಪು, ಬರದ ಹಾಗೂ ನೆನಪು. ಆ ಬೆಳಿಗ್ಗೆ ಮಳೆ ಇತ್ತೋ ಬಿಸಿಲಿತ್ತೋ ಎಂಬುದೂ ನನಗೆ ಖಾತ್ರಿಯಿಲ್ಲ. ಆ ಹೆಂಗಸಿನ ಕೈಯಲ್ಲಿದ್ದ ನೀಲಿ ಬುತ್ತಿಚೀಲವನ್ನು ಮಾತ್ರ ನಾನು ಕಂಡಿದ್ದೆ. ಅವಳನ್ನು ಕಂಡಿದ್ದೆ. ಅದಕ್ಕೆ ಕೆಲವು ತಿಂಗಳ ಮೊದಲು ಕಟಪಾಡಿಯಲ್ಲಿ ಬಸ್ಸೊಂದು ತಟ್ಟನೆ ನಿಂತಾಗ ನನ್ನ ಕಾಲು ಅಲುಗುವ ಮೊದಲೇ ಕಾರು ತಾನೇ ಬ್ರೇಕ್ ಹಾಕಿತ್ತು. ಆವತ್ತಿನಿಂದ ನನ್ನ ಕಾಲು ಒಂದು ಕ್ಷಣ ಕಾಯುವುದನ್ನು ಕಲಿತಿತ್ತು. ಉದ್ಯಾವರದಲ್ಲೂ ಕಾಯಿತು. ಆ ಹಳದಿ ದೀಪ ಎದುರಿಗೇ ಉರಿಯುತ್ತಿದ್ದರೂ ಕಾಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಪುಸ್ತಕದ ಆ ಪುಟ ತೋರಿಸಿದೆ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ದನಿ ಸ್ವಲ್ಪ ಗಟ್ಟಿಯಾಗುತ್ತದೆ, ನಿಜದಲ್ಲಿ ಅದು ಇನ್ನೂ ಮೆತ್ತಗಿತ್ತು. ಅವಳು ಪುಸ್ತಕ ಓದಿ ಮಡಚಿಟ್ಟಳು.

“ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳುವುದು ಬೇಡ,” ಎಂದಳು.

“ಸಮಾಧಾನಕ್ಕಲ್ಲ. ನಾನು ಅವಳನ್ನು ನೋಡಿದ್ದೆ.”

“ನೋಡಿದ್ರೆ ನೀವು ನಿಲ್ಲಿಸ್ತಿದ್ರಿ. ಅಷ್ಟು ನನಗೆ ನಿಮ್ಮನ್ನು ಗೊತ್ತುಂಟು. ಅವಳ ಎದುರಿಗೂ ಹೇಳಿದ್ರಲ್ಲ, ಕಾಣಲಿಲ್ಲ ಅಂತ.”

ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ನನಗೇ ಅದು ಕಟ್ಟಿದ ಮಾತಿನ ಹಾಗೆ ಕೇಳಿಸಿತು. ಅವಳು ಅನ್ನಕ್ಕೆ ಇಡಲು ಒಳಗೆ ಹೋದಳು.

ಈ ಆಯುಧಪೂಜೆಯ ದಿನ ನಾನು ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಅವಳು ಗಂಧದ ಬಟ್ಟಲು ಹಿಡಿದು ಬಂದಳು. ಹೂವು ಇರಲಿಲ್ಲ. ಮೂತಿಯ ಹತ್ತಿರ ಸುಳಿಯದೆ ಸುತ್ತು ಬಳಸಿ ಹಿಂದಕ್ಕೆ ಹೋಗಿ ನಿಂತಳು.

“ಹಿಂದೆ ಎಂತ ಇಲ್ಲ ಅಲ್ವಾ?”

ನಂಬರ್ ಪ್ಲೇಟಿನ ಮೇಲೆ, ಹಿಂದಕ್ಕೆ ತೆಗೆಯುವಾಗ ನೋಡುವ ಕ್ಯಾಮರಾ ಇತ್ತು.

“ಎಂತ ಇಲ್ಲ,” ಎಂದೆ.

ಅವಳು ಸರಿಯಾಗಿ ಅಲ್ಲಿಗೇ ಗಂಧ ಹಚ್ಚಿದಳು. ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಕಾರಿನ ಹಿಂದೆಯೇ ದೂರ ಹೋಗಿ, ಅಂಗಳದ ಗೋಡೆಗೆ ಒರಗಿ ನಿಂತಳು. ನಾನು ರಿವರ್ಸ್ ಹಾಕಿದೆ. ಪರದೆಯ ತುಂಬ ಮಬ್ಬು ಹಳದಿ. ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ಅವಳನ್ನು ನೋಡಿದೆ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡಿದ್ದೆ. ಕಾರು ಕದಲಲಿಲ್ಲ. ಅವಳು ಕೈ ಬೀಸಿ, ಬನ್ನಿ, ಬನ್ನಿ, ಎನ್ನುತ್ತಲೇ ಇದ್ದಳು.