ಉಬ್ಬರ ಕಳೆಯುವ ಸಾಹೇಬರು

ತೊಂಬತ್ತರ ದಶಕದಲ್ಲಿ ಗೋವೆಯ ಸಮುದ್ರ ಸಂಶೋಧನೆಯ ಕಚೇರಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಧಾರವಾಡ ಕಡೆಯ ನಮ್ಮ ಸಾಹೇಬರದು ಒಂದೇ ಮಂತ್ರ: "ಉಬ್ಬರ-ಇಳಿತ ಕಳೀರಿ. ಉಳದದ್ದ ಖರೇ." ಯಂತ್ರವೊಂದು ನೀರಿನೊಳಗೆ ಕೂತು ಹರಿವನ್ನು ಬರೆದುಕೊಳ್ಳುತ್ತಿತ್ತು. ಉಬ್ಬರದ ಹೊತ್ತುಗಳನ್ನು ಬರೆದಿಟ್ಟ ಬಂದರಿನ ಕೋಷ್ಟಕ ನೋಡಿ, ಯಂತ್ರ ಬರೆದ ಹರಿವಿನಿಂದ ದಿನಕ್ಕೆರಡು ಸಲದ ಉಬ್ಬರವನ್ನು ಕಳೆದು, ಉಳಿದ ಹರಿವನ್ನು ಹುಡುಕುವುದೇ ಅವರ ಕೆಲಸ. ನಮ್ಮ ರಜೆಯ ಅರ್ಜಿಗೂ ಅದೇ ನ್ಯಾಯ. ಜ್ವರ, ಮದುವೆ, ಅತ್ತೆಯ ಆಪರೇಷನ್ ಎಲ್ಲದರ ಮೇಲೂ ಕೆಂಪು ಗೆರೆ ಎಳೆದು ಬರೀ ಸಹಿಯನ್ನು ಉಳಿಸುತ್ತಿದ್ದರು.

ಒಮ್ಮೆ ಎಷ್ಟು ಕಳೆದರೂ ದಿನಕ್ಕೆರಡು ಸಲ ಏಳುವ ಸಣ್ಣ ಅಲೆಯೊಂದು ಉಳಿದೇ ಉಳಿಯಿತು. "ಹೊಸಾ ಪ್ರವಾಹ ಅದ ಇದು!" ಎಂದು ಸಾಹೇಬರು ಕನ್ನಡಕ ಒರೆಸಿಕೊಂಡರು. ದಿಲ್ಲಿಯ ಸಮ್ಮೇಳನಕ್ಕೆ ಪ್ರಬಂಧ ಟೈಪಾಯಿತು. ಪ್ರವಾಹಕ್ಕೆ ತಮ್ಮದೇ ಮನೆತನದ ಹೆಸರನ್ನೂ ಇಟ್ಟರು.

ಯಂತ್ರವನ್ನು ದೋಣಿಯಿಂದ ಇಳಿಸುವ ವಿಜಾಪುರದ ಹುಸೇನಸಾಬ ಗೋಡೆಯ ಮೇಲಿನ ಆ ಅಲೆಯ ಚಿತ್ರವನ್ನು ನೋಡಿ ಕೇಳಿದ: "ಮಷೀನಿಗೆ ಟೈಮ್ ಯಾವ ವಾಚ್ ನೋಡಿ ಹಚ್ಚೀರಿ, ಸಾಹೇಬ್ರ?"

"ನಂದ. ಯಾಕ?"

"ಅದು ಅರ್ಧಾ ತಾಸು ಮುಂದ ಐತಲ್ರಿ! ಮುಂಜಾನಿ ಆಫೀಸಿಗೆ ಬರೋ ಮ್ಹಾಪಸಾ ಬಸ್ ತಪ್ಪಬಾರದಂತ ನೀವ ಮುಂದ ಇಟ್ಟೀರಿ."

ಯಂತ್ರದ ಹೊತ್ತು ಕೋಷ್ಟಕದ ಹೊತ್ತಿಗೆ ಹೊಂದದೆ ಉಬ್ಬರ ಪೂರ್ತಿ ಕಳೆದಿರಲಿಲ್ಲ. ಹೊಸ ಪ್ರವಾಹವೆಂದರೆ ಹಳೆಯ ಉಬ್ಬರದ್ದೇ ಚೂರು. ಸಾಹೇಬರು ಅಂಗಿಯ ತೋಳನ್ನು ಎಳೆದು ವಾಚನ್ನು ಮುಚ್ಚಿಕೊಂಡರು.

ಮರುದಿನ ಅರಬ್ಬೀ ಸಮುದ್ರದಲ್ಲಿ ಒಂದು ಪ್ರವಾಹ ಕಡಿಮೆಯಾಗಿತ್ತು. ಸಾಹೇಬರಿಗೆ ಮೊತ್ತಮೊದಲ ಸಲ ಬಸ್ಸು ತಪ್ಪಿತ್ತು.